ಬಿದ್ದವನನ್ನು ಎಬ್ಬಿಸದ ಪೈಲ್ವಾನ

ಇವತ್ತು ಅಮೆರಿಕದ ಸೀಡರ್ ಪಾರ್ಕ್‌ನ ಮನೆಯಲ್ಲಿ ಮಗ ಎಂಬತ್ತರ ದಶಕದ ಡಲ್ಲಾಸ್ ಕುಸ್ತಿಯ ಶೋ ಹಾಕಿದ. ಇದರದೇ ಕ್ಯಾಸೆಟ್ಟನ್ನು ಸೋದರಮಾವ ಒಮ್ಮೆ ಹುಬ್ಬಳ್ಳಿಗೆ ತಂದಿದ್ದ. ಗರಡಿಯಲ್ಲಿ ಹೆಸರು ಮಾಡಿದ್ದ ಅಪ್ಪ ಆಗ ಲಕ್ವಾ ಹೊಡೆದು ಮಂಚ ಹಿಡಿದಿದ್ದ. ಅವನು ನೋಡಲೆಂದೇ ಬಾಡಿಗೆಯ ವಿಸಿಆರ್ ತಂದೆವು.

ಕ್ಯಾಸೆಟ್ಟಿನಲ್ಲಿ ಗೆದ್ದವನು ಬಿದ್ದವನನ್ನು ಒದ್ದ. ನಮ್ಮ ಗರಡಿಯಲ್ಲಾದರೆ ಗೆದ್ದವನೇ ಸೋತವನ ಕೈಹಿಡಿದು ಎಬ್ಬಿಸುತ್ತಿದ್ದ.

“ಬಂದ್ ಮಾಡೋ,” ಎಂದ ಅಪ್ಪ.

“ಅದೆಲ್ಲಾ ನಾಟಕ ಅಪ್ಪಾ,” ಎಂದೆ.

“ನಾಟಕದಾಗರ ಎಬ್ಬಸಬೇಕಿಲ್ಲೇನ್?”

ಅಪ್ಪ ಗೋಡೆಯತ್ತ ಮುಖ ತಿರುಗಿಸಿದ. ಕೊನೆಯವರೆಗೂ ಅವನು ಮಂಚದಿಂದ ಏಳಲೇ ಇಲ್ಲ. ಎಬ್ಬಿಸುವವರಿಲ್ಲದೆ ಬಿದ್ದಿರುವ ಇಂಥ ಸಂಕಟಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ ಕಲಿತಿದ್ದೆ, ಮರೆತುಹೋಗಿದೆ.

ಇವತ್ತಿನ ಶೋ ಮುಗಿಯಿತು. ಸೋಫಾದಿಂದ ಏಳಲು ಎಂದಿನಂತೆ ಪಕ್ಕಕ್ಕೆ ಕೈ ಚಾಚಿದೆ. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂತು. ಕೈಗೆ ಮಾತ್ರ ಇನ್ನೂ ತಿಳಿದಿಲ್ಲ.