ನಡುಗಡ್ಡೆಗೆ ಮೊದಲು ಟ್ರಂಕು

ವಾರಪತ್ರಿಕೆಯೊಂದು ಈ ಸಲ ಓದುಗರಿಗೆ ಒಂದು ಪ್ರಶ್ನೆ ಹಾಕಿದೆ: ನಿಮ್ಮನ್ನು ಒಬ್ಬರನ್ನೇ ನಿರ್ಜನ ದ್ವೀಪದಲ್ಲಿ ಬಿಟ್ಟರೆ ಜೊತೆಗೆ ಒಯ್ಯುವ ಐದು ಪುಸ್ತಕಗಳು ಯಾವುವು, ಐದು ಚಲನಚಿತ್ರಗಳು ಯಾವುವು? ಕೆಳಗೆ ಉತ್ತರ ತುಂಬಲು ಎರಡು ಖಾನೆ. ನಿರ್ಜನ ದ್ವೀಪದಲ್ಲಿ ಚಿತ್ರ ತೋರಿಸಲು ಕರೆಂಟು ಎಲ್ಲಿಂದ ಬರಬೇಕೆಂದು ಸಂಪಾದಕ ಮಹಾಶಯರು ಯೋಚಿಸಿದಂತಿಲ್ಲ; ಇಷ್ಟು ಜನರಿರುವ ನಮ್ಮ ಮಾನ್ವಿಯಲ್ಲೇ ಅದು ಬಂದರೆ ಬಂತು, ಹೋದರೆ ಹೋಯಿತು. ಓದುಗ ಮಿತ್ರರೇ, ನೀವು ಈ ಪ್ರಶ್ನೆಗೆ ನಕ್ಕು ಪುಟ ತಿರುಗಿಸಬಹುದು, ನಾನು ತಿರುಗಿಸಲಾರೆ. ಏಕೆಂದರೆ ನಾನು ನಿಜವಾಗಿಯೂ ಪುಸ್ತಕಗಳನ್ನು ಆರಿಸಿಕೊಂಡು ದ್ವೀಪಕ್ಕೆ ಹೋದವನು, ಹೋಗಿ ಪಶ್ಚಾತ್ತಾಪಪಟ್ಟವನು.

ಎಪ್ಪತ್ತರ ದಶಕದ ಆರಂಭದಲ್ಲಿ ನನಗೆ ಮಾಸ್ತರಿಕೆಯ ಮೊದಲ ಆರ್ಡರು ಬಂದದ್ದು ದೇವದುರ್ಗದ ಆಚೆ, ಕೃಷ್ಣೆಯ ಎರಡು ಕವಲುಗಳ ನಡುವೆ ಸಿಕ್ಕಿಕೊಂಡ ನಡುಗಡ್ಡೆಯೊಂದರ ಏಕೋಪಾಧ್ಯಾಯ ಶಾಲೆಗೆ. ಮೂವತ್ತು ಮನೆ, ಲೆಕ್ಕವಿಲ್ಲದಷ್ಟು ಕುರಿ, ಒಂದೇ ಒಂದು ತೆಪ್ಪ. ದೊಡ್ಡ ಬುಟ್ಟಿಯಂಥ ಆ ತೆಪ್ಪವೂ ಹೊಳೆ ತುಂಬಿ ಬಂತೆಂದರೆ ದಂಡೆಯ ಮೇಲೆ ಬೋರಲು ಬೀಳುತ್ತಿತ್ತು. ನೀರಿಳಿಯುವ ತನಕ ಅತ್ತಲಿನವರು ಅತ್ತ, ಇತ್ತಲಿನವರು ಇತ್ತ. ಆಗ ನನಗೆ ಮದುವೆಯಾಗಿ ಎರಡು ತಿಂಗಳು. ಹೆಂಡತಿ ಪದ್ಮಾ ರಾಯಚೂರಿನ ಪೇಟೆಯಲ್ಲಿ ಬೆಳೆದವಳು. ಆದರೂ ಹೊಳೆಯ ನಡುವಿನ ಸಂಸಾರಕ್ಕೆ ಒಂದೇ ಮಾತಿಗೆ ಒಪ್ಪಿದ್ದಳು.

ಅವಳು ಒಪ್ಪಿದ್ದೇ ಸಾಕೆಂದು ನಾನು ಪುಸ್ತಕಗಳ ಆಯ್ಕೆಗೆ ಕೂತೆ. ಇದ್ದದ್ದು ಒಂದು ಟ್ರಂಕು. ಕಾವ್ಯ ಬೇಕು, ಕಾವ್ಯ ಅರ್ಥವಾಗಲು ನಿಘಂಟು ಬೇಕು, ನಿಘಂಟಿನ ದಣಿವು ಆರಿಸಿಕೊಳ್ಳಲು ಕಾದಂಬರಿ ಬೇಕು, ಕಾದಂಬರಿ ಓದಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ವೇದಾಂತ ಬೇಕು. ನಿಜ ಹೇಳಬೇಕೆಂದರೆ ಪ್ರೀತಿಯಿಂದ ಓದಿದ ಪುಸ್ತಕಗಳಿಗಿಂತ, ಓದಿದ್ದೇನೆಂದು ಮಂದಿಯ ಮುಂದೆ ಹೇಳಿಕೊಂಡ ಪುಸ್ತಕಗಳೇ ಅದರೊಳಗೆ ಹೆಚ್ಚು ಜಾಗ ಹಿಡಿದವು. ಪದ್ಮಾಳ ಸೀರೆಗಳು ಹೋಲ್ಡಾಲಿನ ಹಾಸಿಗೆಯೊಳಗೆ ಸುರುಳಿಯಾದವು. ಅವಳೇ ಅದರ ಪಟ್ಟಿ ಬಿಗಿದಳು.

ಹೊರಟ ದಿನ ನಮ್ಮನ್ನು ಕಳಿಸಲು ಅವಳ ಅಣ್ಣನೂ ದಂಡೆಯವರೆಗೆ ಬಂದಿದ್ದ. ನಡುಗಡ್ಡೆಯಿಂದ ತೆಪ್ಪ ತಂದಿದ್ದ ಅಂಬಿಗರ ಹನುಮಪ್ಪ ಟ್ರಂಕನ್ನು ಒಂದು ಸಲ ಎತ್ತಿ ನೋಡಿ ಉಸ್ಸೆಂದು ಕೆಳಗಿಟ್ಟ.

“ಎಲ್ಲಾ ಒಂದ ಸಲಕ್ಕ ಆಗಂಗಿಲ್ಲರಿ ಮಾಸ್ತರ. ನಿಮ್ಮ ಸಂಗಾಟ ಪೆಟಿಗಿ ಮೊದಲ ದಾಟಿಸಲೋ, ಅವ್ವಾರನ್ನ ಮೊದಲ ದಾಟಿಸಲೋ?”

ಮೋಡ ಕಟ್ಟಿತ್ತು. ನಾನು ತರ್ಕಶಾಸ್ತ್ರದ ಸಮಸ್ಯೆಯೊಂದನ್ನು ಬಿಡಿಸುವ ಗತ್ತಿನಲ್ಲಿ, ಮೂವರಿಗೂ ಕೇಳುವಂತೆ ಹೇಳಿದೆ: “ಪೆಟಿಗಿ ಮೊದಲು. ಮನುಷ್ಯಾರು ತೊಯ್ದರ ಒಣಗತಾರ, ಪುಸ್ತಕ ತೊಯ್ದರ ಮುಗದ ಹೋತು.”

ಪದ್ಮಾ ಹೋಲ್ಡಾಲಿನ ಮೇಲೆ ಕೂತಳು. ಅವಳಣ್ಣ ನನ್ನನ್ನು ನೋಡಿದ ನೋಟವನ್ನು ವರ್ಣಿಸದಿರುವುದೇ ಲೇಸು.

ಟ್ರಂಕಿನೊಂದಿಗೆ ನಾನೂ ದಾಟಿ, ಅದನ್ನು ನಡುಗಡ್ಡೆಯ ದಂಡೆಗೆ ಏರಿಸಿ ತಿರುಗುವಷ್ಟರಲ್ಲಿ ನೀರಿನ ಬಣ್ಣ ಕೆಂಪಾಗಿತ್ತು. ಮೇಲೆ ಎಲ್ಲೋ ಮಳೆ ಹೊಡೆದಿತ್ತು. ಹನುಮಪ್ಪ ನೀರಿಗೆ ಕೈ ಅದ್ದಿ ನೋಡಿ, “ಹೊಳಿ ಬಂತರಿ, ಇನ್ನ ತೆಪ್ಪ ಹಾಕಂಗಿಲ್ಲ” ಎಂದವನೇ ತೆಪ್ಪವನ್ನು ಬೋರಲು ಹಾಕಿಬಿಟ್ಟ. ನಾನು ಬೇಡಿದೆ, ಕೂಗಾಡಿದೆ. ಹೊಳೆ ಮಾಸ್ತರರ ಮಾತು ಕೇಳುವುದಿಲ್ಲ. ಆಚೆ ದಂಡೆಯಲ್ಲಿ ಅಣ್ಣ ಹೋಲ್ಡಾಲನ್ನು ಹೆಗಲಿಗೇರಿಸಿದ್ದು ಕಂಡಿತು. ಪದ್ಮಾ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಅವನ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ. ನೀರಿಳಿದರೂ ಇವಳು ಬರಲಿಕ್ಕಿಲ್ಲ ಎಂಬ ಭಯ ನನಗೆ ಹುಟ್ಟಿದ್ದು ಆಗಲೇ. ಯಾಕಾದರೂ ಬರಬೇಕು?

ಇಪ್ಪತ್ತೆರಡು ದಿನ ನಾನು ನನ್ನ ಪ್ರಿಯ ಗ್ರಂಥಗಳೊಂದಿಗೆ ದ್ವೀಪದಲ್ಲಿದ್ದೆ. ಬಯಸಿದ್ದ ಏಕಾಂತ, ಆರಿಸಿ ತಂದ ಪುಸ್ತಕ, ಹೊರಗೆ ಧಾರಾಕಾರ ಮಳೆ. ರಸಿಕನಿಗೆ ಇನ್ನೇನು ಬೇಕು ಎನ್ನುತ್ತೀರಿ. ಒಂದು ಪುಟವೂ ಓದಲಾಗಲಿಲ್ಲ. ಕಾವ್ಯದಲ್ಲಿ ನಾಯಿಕೆ ವಿರಹದಿಂದ ಬಳಲಿದರೆ ನನಗೆ ಹೋಲ್ಡಾಲಿನ ಮೇಲೆ ಕೂತವಳೇ ಕಾಣುತ್ತಿದ್ದಳು. ವೇದಾಂತ ತೆರೆದರೆ, ಜಗತ್ತು ಮಿಥ್ಯವಾದರೂ ನಾನಾಡಿದ ಆ ಮಾತೊಂದು ಸತ್ಯವಾಗಿ ಉಳಿಯುತ್ತಿತ್ತು. ಪಕ್ಕದ ಗುಡಿಸಲಿನ ಯಲ್ಲವ್ವ ಎಂಬ ಮುದುಕಿ ನನಗೆ ದಿನಾ ರೊಟ್ಟಿ ಕೊಡುತ್ತಿದ್ದಳು. ಕೊಡುವಾಗಲೆಲ್ಲ ಒಂದು ಮಾತನ್ನೂ ನಂಜಿಕೊಳ್ಳಲು ಕೊಡುತ್ತಿದ್ದಳು.

“ಹೇಣ್ತೀನ ಬಿಟ್ಟು ಪೆಟಿಗಿ ತಂದೀಯಲ್ಲೋ ಯಪ್ಪಾ, ನಿನ್ನ ಪೆಟಿಗಿ ರೊಟ್ಟಿ ಬಡೀತದೇನು?”

ನನ್ನ ನಿಘಂಟನ್ನು ಅವಳು ಬೆಕ್ಕು ಮುಟ್ಟದಂತೆ ಹಾಲಿನ ಗಡಿಗೆಯ ಮೇಲೆ ಹೇರಿಟ್ಟಿದ್ದಳು. ಆ ದ್ವೀಪದಲ್ಲಿ ನನ್ನ ಗ್ರಂಥಭಂಡಾರದಿಂದ ಲೋಕಕ್ಕಾದ ಉಪಕಾರ ಅದೊಂದೇ.

ಕೊನೆಗೆ ನೀರಿಳಿಯಿತು. ಮೊದಲ ತೆಪ್ಪ ಆಚೆಗೆ ಹೋದ ಮುಂಜಾನೆಯಿಂದ ನಾನು ದಂಡೆ ಬಿಟ್ಟು ಕದಲಲಿಲ್ಲ. ಅದು ತಿರುಗಿ ಬಂದಾಗ ಅದರಲ್ಲಿ ಉಪ್ಪಿನ ಚೀಲವಿತ್ತು, ಸೀಮೆಎಣ್ಣೆಯ ಡಬ್ಬಿಯಿತ್ತು, ಅವೆರಡರ ನಡುವೆ ಪದ್ಮಾ ಇದ್ದಳು. ಕೈ ಚಾಚಿದೆ. ಅವಳು ಹನುಮಪ್ಪನ ಹೆಗಲು ಹಿಡಿದು ಇಳಿದಳು.

“ಪುಸ್ತಕಾ ತೊಯ್ದಿಲ್ಲ ಹೌದಲ್ಲರೀ?” ಎಂದಳು. ಇಡೀ ಹಗಲು ಹೋಲ್ಡಾಲಿನ ಪಟ್ಟಿಯನ್ನೂ ಬಿಚ್ಚಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಊರ ಹೆಂಗಸರೆಲ್ಲ ಹೊಸ ಮಾಸ್ತರಿಣಿಯನ್ನು ನೋಡಲು ಬಂದರು. ಸಿನಿಮಾ ಎಂಬುದನ್ನು ಕಣ್ಣಿಂದ ಕಾಣದವರು. ರಾಯಚೂರಿನಲ್ಲಿ ಅಣ್ಣ ಇವಳ ಬೇಸರ ಕಳೆಯಲು ಒಂದು ಚಿತ್ರಕ್ಕೆ ಕರೆದೊಯ್ದಿದ್ದನಂತೆ. ಅದರ ಕತೆ ಹೇಳೆಂದು ಅವರು ಪಟ್ಟು ಹಿಡಿದರು. ಪದ್ಮಾ ಹೇಳತೊಡಗಿದಳು, ಹಾಡು ಬಂದಲ್ಲಿ ಹಾಡಿದಳು. ಗಂಡನೊಬ್ಬ ಹೆಸರು ಗಳಿಸುವ ಹುಚ್ಚಿನಲ್ಲಿ, ಹೆಂಡತಿಯನ್ನು ಸ್ಟೇಷನ್ನಿನಲ್ಲೇ ಬಿಟ್ಟು ತನ್ನ ಹಾರ್ಮೋನಿಯಂ ಅಪ್ಪಿಕೊಂಡು ರೈಲು ಹತ್ತುತ್ತಾನೆ. ಹೆಂಗಸರು ಒಬ್ಬೊಬ್ಬರಾಗಿ ನನ್ನತ್ತ ತಿರುಗಿದರು. ಬಹಳ ವರ್ಷದ ಮೇಲೆ ಅವನು ಸೋತು ಸುಣ್ಣವಾಗಿ ಬಂದು ಅವಳ ಬಾಗಿಲು ಬಡಿಯುತ್ತಾನೆ.

ಯಲ್ಲವ್ವನಿಗೆ ತಡೆಯಲಾಗಲಿಲ್ಲ. “ಬಾಗಿಲಾ ತಗದಳೇನ ಯವ್ವಾ?”

ಪದ್ಮಾ ಸುಮ್ಮನಾದಳು. ಬಿಚ್ಚದ ಹೋಲ್ಡಾಲಿನ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು.

“ತಗದಳು,” ಎಂದಳು ಆಮೇಲೆ. “ತಗದು, ಕಾಲಿಗೆ ನೀರು ಕೊಟ್ಟಳು.”

ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಗಿಲ ಮರೆಗೆ ಸರಿದು ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವರು ಎದ್ದುಹೋದ ಮೇಲೆ ಅವಳು ಹೋಲ್ಡಾಲು ಬಿಚ್ಚಿದಳು.

ಆದ್ದರಿಂದ ಪತ್ರಿಕೆಯವರ ಪುಸ್ತಕದ ಖಾನೆಯನ್ನು ನಾನು ಖಾಲಿ ಬಿಟ್ಟೇನು. ಚಿತ್ರದ ಖಾನೆಯಲ್ಲಿ ಆ ಒಂದೇ ಚಿತ್ರವನ್ನು ಬರೆದೇನು. ತೊಡಕೆಂದರೆ ಅದಕ್ಕೆ ಎರಡು ಅವತರಣಿಕೆಗಳಿವೆ. ಎಂಟು ವರ್ಷದ ಮೇಲೆ ನನಗೆ ಮಾನ್ವಿಗೆ ವರ್ಗವಾಗಿತ್ತು. ಊರೂರು ಓಡಿ ಸವೆದ ಆ ರೀಲುಗಳು ಇಲ್ಲಿಯ ಟೆಂಟಿಗೆ ಬಂದಾಗ ಇಬ್ಬರೂ ಸಂಜೆಯ ಆಟಕ್ಕೆ ಹೋದೆವು. ಸ್ಟೇಷನ್ನು ಬಂತು, ಹಾರ್ಮೋನಿಯಂ ಬಂತು, ಹಾಡುಗಳೆಲ್ಲ ಬಂದವು. ಕೊನೆಗೆ ಗಂಡ ಬಂದು ಬಾಗಿಲು ಬಡಿದ. ಬಡಿದ, ಬಡಿದ, ಅಲ್ಲೇ ಕುಸಿದು ಕೂತ. ಒಳಗೆ ಅವಳು ದೀಪ ಆರಿಸಿದಳು. ಚಿತ್ರ ಮುಗಿಯಿತು. ಬಾಗಿಲು ತೆರೆಯಲೇ ಇಲ್ಲ.

ಮಂದಿ ಚಾಪೆ ಕೊಡವಿ ಏಳುತ್ತಿದ್ದರು. ನಾನು ಪಕ್ಕಕ್ಕೆ ತಿರುಗಿದೆ. ಕೇಳುವ ಧೈರ್ಯ ನನಗಿರಲಿಲ್ಲ. ಪದ್ಮಾ ಪರದೆಯನ್ನೇ ನೋಡುತ್ತ ತಾನಾಗಿ ಹೇಳಿದಳು:

“ಯಲ್ಲವ್ವ ಕೇಳೂತನಾ ನನಗೂ ಗೊತ್ತಿರಲಿಲ್ಲರೀ, ತಗೀತೀನೋ ಇಲ್ಲೋ ಅಂತ.”