ಸುಜಾತಾ ಒಪ್ಪಿಕೊಳ್ಳದ ಝಡತಿ

ಅಥಣಿಯ ಪೇಟೆಯಲ್ಲಿ ಶ್ರೀಪಾಲ ಶೇಟರ ಸೀರೆ ಅಂಗಡಿ ಮುಚ್ಚಿದಾಗ ಸುಜಾತಾಳಿಗೆ ಮೂವತ್ತೆಂಟು ವರ್ಷ. ಮದುವೆಯಾಗಿ ಬಂದಾಗಿನಿಂದ ಆಕೆ ಅಲ್ಲಿಯೇ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸಿದವಳು. ಯಾರ ಮೈಬಣ್ಣಕ್ಕೆ ಯಾವ ಅಂಚು ಒಪ್ಪುತ್ತದೆ ಎಂದು ಹೇಳುವುದರಲ್ಲಿ ಆಕೆಗೆ ಖುಷಿಯಿತ್ತು. ಆ ಅಂಗಡಿ ಹೋದ ಮೇಲೆ ಬಸ್ ಸ್ಟ್ಯಾಂಡಿನ ಆಚೆ ಹೊಸದಾಗಿ ಎದ್ದಿದ್ದ ದೊಡ್ಡ ಮಾರ್ಟಿನಲ್ಲಿ ಸೀರೆ ವಿಭಾಗಕ್ಕೆ ಸೇರಿಕೊಂಡಳು. ಗಂಡ ಭರತ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಬ್ಬಿನ ಹಂಗಾಮು ಮುಗಿದರೆ ಅವನಿಗೆ ಕೆಲಸ ಕಡಿಮೆ. ಹಾಗಾಗಿ ತಿಂಗಳ ಪಗಾರದ ಈ ನೌಕರಿ ಮನೆಗೆ ಬೇಕೇಬೇಕಿತ್ತು.

ಮೊದಲ ವರ್ಷ ತೊಂದರೆಯೇನೂ ಇರಲಿಲ್ಲ. ಎರಡನೆಯ ವರ್ಷ ಕಂಪನಿಯವರು ಅಮೋಲ ಎಂಬವನನ್ನು ಕಳಿಸಿದರು. ಇಚಲಕರಂಜಿ ಕಡೆಯ ಸಣಕಲು ಮೈಯ ಹುಡುಗ. ಮಾಲು ಕಳುವಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಅವನು ಯಾರಿಗೂ ಬೈದವನಲ್ಲ, ದನಿ ಎತ್ತಿದವನೂ ಅಲ್ಲ. ಆದರೆ ಅವನು ಕುಳಿತದ್ದನ್ನು ಯಾರೂ ನೋಡಲಿಲ್ಲ. ಬಂದ ವಾರದಲ್ಲೇ ಕೆಲಸಗಾರರ ಅಂಗಿಯ ಜೇಬುಗಳನ್ನು ಹೊಲಿಸಿಬಿಟ್ಟ. ಕೈಚೀಲ ಒಳಗಿನದು ಕಾಣುವಂಥ ಪ್ಲಾಸ್ಟಿಕ್ಕಿನದೇ ಇರಬೇಕೆಂದ. ಸಂಜೆ ಮನೆಗೆ ಹೋಗುವಾಗ ಡಬ್ಬಿಯ ಮುಚ್ಚಳ ತೆಗೆಸಿ, ಉಳಿದ ಪಲ್ಯವನ್ನೂ ಚಮಚದಿಂದ ಕೆದಕಿ ನೋಡುತ್ತಿದ್ದ.

"ನನಗ ಯಾರ ಮ್ಯಾಲೂ ಸಿಟ್ಟಿಲ್ಲರಿ. ಎಲ್ಲಾರೂ ಒಂದ ಲೆಕ್ಕ," ಎನ್ನುತ್ತಿದ್ದ.

ಸುಜಾತಾಳ ಮನಸ್ಸಿಗೆ ಆಗಿನಿಂದ ಏನೋ ಹತ್ತಿಕೊಂಡಿತು. ಕಿರಾಣಿ ಅಂಗಡಿಗೆ ಹೋದರೂ ಎರಡೂ ಕೈ ಕಾಣುವಂತೆ ಮುಂದೆ ಹಿಡಿದು ನಿಲ್ಲತೊಡಗಿದಳು. ಮಾರ್ಟಿನ ಬಾಗಿಲು ದಾಟುವಾಗ, ತನಗೆ ಗೊತ್ತಿಲ್ಲದೆ ಸೀರೆಯ ಮಡಿಕೆಯಲ್ಲಿ ಯಾವುದಾದರೂ ಚೀಟಿ, ಪಿನ್ನು ಸಿಕ್ಕಿಕೊಂಡಿದ್ದರೆ ಎಂದು ನಿರಿಗೆ ಕೊಡವಿಕೊಳ್ಳುತ್ತಿದ್ದಳು.

ಅದರ ಮೇಲೆ ಇನ್ನೊಂದು ಕೆಲಸವೂ ಆಕೆಯ ಪಾಲಿಗೆ ಬಂತು. ಬಾಗಿಲಲ್ಲಿದ್ದ ಹೆಣ್ಣು ಗಾರ್ಡ್ ನೌಕರಿ ಬಿಟ್ಟಿದ್ದಳು, ಆ ಜಾಗಕ್ಕೆ ಬೇರೆಯವರು ಬಂದಿರಲಿಲ್ಲ. ಗಿರಾಕಿ ಹೆಂಗಸರ ಮೇಲೆ ಸಂಶಯ ಬಂದರೆ ಮೈ ತಪಾಸಣೆ ಮಾಡುವವರು ಯಾರು? ಆ ಕಡೆ ಅದಕ್ಕೆ ಝಡತಿ ಎನ್ನುತ್ತಾರೆ. "ನೀವ ಹಿರೇರು ಅದೀರಿ, ನಿಮ್ಮ ಮ್ಯಾಲ ವಿಶ್ವಾಸ ಐತಿ," ಎಂದು ಅಮೋಲ ಅದನ್ನು ಸುಜಾತಾಳಿಗೆ ವಹಿಸಿದ. ಬೇಡವೆನ್ನಲು ಆಕೆಗೆ ಬಾಯಿ ಬರಲಿಲ್ಲ.

ಒಮ್ಮೆ ಕಾಲೇಜು ಹುಡುಗಿಯೊಬ್ಬಳ ಕಾಲುಚೀಲದಲ್ಲಿ ಕಾಡಿಗೆ ಡಬ್ಬಿ ಸಿಕ್ಕಿತು. ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಮ್ಮೆ ಶಾಲೆಯಲ್ಲಿ ಕಲಿಸುವ ಬಾಯಿಯೊಬ್ಬರ ಝಡತಿಯಾಯಿತು, ಏನೂ ಸಿಗಲಿಲ್ಲ. ಆ ಬಾಯಿ ಸೆರಗು ಸರಿಮಾಡಿಕೊಂಡು, ಸುಜಾತಾಳನ್ನು ಒಂದು ಸಲ ನೋಡಿ ಹೋದರು. ಆ ದಿನ ಸುಜಾತಾ ಮನೆಗೆ ಹೋಗಿ ಊಟ ಮಾಡಲಿಲ್ಲ.

ಮದುವೆಯ ದಿನಗಳು ಬಂದವು. ಮದುವೆಯ ಜವಳಿ ತೆಗೆಯಲು ಮಂದಿ ಗುಂಪುಗುಂಪಾಗಿ ಬರತೊಡಗಿದರು. ಒಂದು ಮುಂಜಾನೆ ತೆಲಸಂಗದ ಕಾಳವ್ವ ಎಂಬ ಹೆಣ್ಣುಮಗಳು ಮಗಳು ಮನೀಷಾಳನ್ನು ಕರೆದುಕೊಂಡು ಬಂದಳು. ಜೊತೆಗೆ ಕಾಗವಾಡದ ಬೀಗರು, ಎಂದರೆ ಹುಡುಗನ ತಾಯಿ ಮತ್ತು ಅಕ್ಕ. ಕಾಳವ್ವನಿಗೆ ಐವತ್ತರ ಆಸುಪಾಸು. ಮಾತು ಕಡಿಮೆ, ಬೀಗರು ಕೈಯಿಟ್ಟ ಸೀರೆಗೆಲ್ಲ ತಲೆಯಾಡಿಸುತ್ತಿದ್ದಳು. ನಡುವೆ ಎದ್ದು ಸೀರೆಯ ರ‍್ಯಾಕಿನ ಹಿಂದೆ ಹೋಗಿ ಬಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋದಳು. ಸುಜಾತಾ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಅಮೋಲ ತೆಗೆದುಕೊಂಡಿದ್ದ. ಬಂದು ಆಕೆಯ ಕಿವಿಯ ಹತ್ತಿರ ಹೇಳಿದ:

"ಕ್ಯಾಮೆರಾದಾಗ ನೋಡೀನಿ. ರ‍್ಯಾಕ್ ಹಿಂದ ಹೋಗಿ ಕುಪ್ಪಸದಾಗ ಏನೋ ತುರುಕ್ಯಾರ. ಒಂದ ಬದಿ ಉಬ್ಬಿ ಕಾಣತೈತಿ ನೋಡ್ರಿ. ಸ್ಟೋರ್ ರೂಮಿಗಿ ಕರಕೊಂಡ ಬರ್ರಿ."

"ಬೀಗರ ಜೋಡಿ ಬಂದಾರ್ರಿ ಸರ. ಇಂಥಾದ್ರಾಗ..."

"ಬೀಗರು ಇದ್ರೇನು? ಮಾಲು ಕಂಪನೀದು."

ಸುಜಾತಾ ಕಾಳವ್ವನ ಹತ್ತಿರ ಹೋಗಿ, "ಅಕ್ಕಾರ, ಒಂದೀಟ ಈ ಕಡೆ ಬರ್ರಿ," ಎಂದಳು. ಕಾಳವ್ವ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತಿದ್ದ ಅಮೋಲನನ್ನು ನೋಡಿದಳು. ಸೆರಗು ಎಡಕ್ಕೆ ಎಳೆದುಕೊಂಡು ಹಿಂದೆಯೇ ಬಂದಳು.

ಸ್ಟೋರ್ ರೂಮಿನಲ್ಲಿ ರಟ್ಟಿನ ಡಬ್ಬಗಳು ಸೂರಿನ ತನಕ ಒಟ್ಟಿದ್ದವು. ಅಮೋಲ ಹೊರಗೇ ನಿಂತ.

"ಬಾಗಲಾ ಹಾಕೀ ಏನ ಯವ್ವಾ?" ಕಾಳವ್ವ ಕೇಳಿದಳು.

"ಹಾಕೇನ್ರಿ."

"ನೀ ಮುಟ್ಟಬ್ಯಾಡ. ನಾನ ತೋರಸ್ತೀನಿ."

ಆಕೆ ಸೆರಗಿನ ಪಿನ್ನು ತೆಗೆದಳು. ಕುಪ್ಪಸದ ಎಡಬದಿಯಿಂದ, ಹಳೆಯ ಧೋತರದ ಮೆತ್ತನೆಯ ಅರಿವೆಯ ಗಂಟೊಂದನ್ನು ಹೊರತೆಗೆದಳು. ಅದರ ಹಿಂದೆ ಮೊಲೆಯಿರಲಿಲ್ಲ. ಚಪ್ಪಟೆ ಎದೆಯ ಮೇಲೆ ಕಂಕುಳ ತನಕ ಹೋದ ಹೊಲಿಗೆಯ ಗುರುತು ಇತ್ತು.

"ಮಿರಜದಾಗ ತಗಸೀವಿ," ಎಂದಳು ಕಾಳವ್ವ. "ಗಂಟ ಆಗಿತ್ತು. ಈ ಅರಿವಿ ಜಾರತೈತಿ, ಸರಿ ಮಾಡಕೊಳ್ಳಾಕ ಆ ಕಡೆ ಹೋಗಿದ್ನಿ. ಬೀಗರಿಗಿ ಇದು ಗೊತ್ತಿಲ್ಲ ತಂಗಿ. ತಾಯಿಗಿ ಬಂದೈತಿ, ನಾಳೆ ಮಗಳಿಗೂ ಬರತೈತಿ ಅಂದು ಮದಿವಿ ಮುರದ್ರ ಏನ ಮಾಡಲಿ? ಮನೀಷಾ ಒಬ್ಬಾಕೀಗಿ ಗೊತ್ತೈತಿ. ದವಾಖಾನ್ಯಾಗ ನನ್ನ ಜೋಡಿ ಆಕೀನ ಇದ್ಲು."

ಸುಜಾತಾ ಅರಿವೆಯನ್ನು ಈಸಿಕೊಂಡು, ಜಾರದಂತೆ ಚೌಕಾಗಿ ಮಡಚಿಕೊಟ್ಟಳು. ತನ್ನ ಸೆರಗಿನ ಪಿನ್ನು ತೆಗೆದು ಆಕೆಯ ಕುಪ್ಪಸಕ್ಕೆ ಒಳಗಿನಿಂದ ಹಾಕಿದಳು.

ಬಾಗಿಲು ತೆಗೆದಾಗ ಅಮೋಲ ಎದುರಿಗೇ ಇದ್ದ.

"ಏನ ಸಿಕ್ತರಿ?"

"ಏನೂ ಇಲ್ಲರಿ ಸರ."

"ಮತ್ತ ಆ ಉಬ್ಬು?"

"ಆಕೀದ ಸ್ವಂತ ಅರಿವಿ ಅದು. ನಮ್ಮ ಮಾಲ ಅಲ್ಲ."

"ಎಂಥಾ ಅರಿವಿ? ಎಲ್ಲೈತಿ, ತೋರಸ್ರಿ."

ಅಷ್ಟರಲ್ಲಿ ಹುಡುಗನ ತಾಯಿ ಹುಡುಕಿಕೊಂಡು ಬಂದೇಬಿಟ್ಟಳು. "ಏನಾತ್ರಿ ಬೀಗತಿ? ಇಲ್ಯಾಕ ಬಂದೀರಿ?" ಎಂದು ಮೂವರ ಮುಖವನ್ನೂ ನೋಡಿದಳು. ಕಾಳವ್ವ ಸುಜಾತಾಳ ಕಡೆ ನೋಡಿದಳು. ಸುಜಾತಾ ತನಗೇ ಗೊತ್ತಾಗದಷ್ಟು ಸರಾಗವಾಗಿ ಹೇಳಿದಳು: "ಕುಪ್ಪಸದ ಅಳತಿ ತುಗೊಳ್ಳಾಕ ಕರದಿದ್ನಿರಿ. ಅಲ್ಲಿ ಗಂಡಸರು ಭಾಳ ಇದ್ರು."

ಬೀಗತಿ ನಂಬಿದಳು. ಇಬ್ಬರೂ ಸೀರೆಗಳ ಕಡೆ ಹೋದರು. ಆದರೆ ಆ ಸುಳ್ಳನ್ನು ಅಮೋಲ ಕೇಳಿಸಿಕೊಂಡಿದ್ದ. ಇಷ್ಟು ಚಂದ ಸುಳ್ಳು ಹೇಳುವವಳು ತನಗೂ ಸುಳ್ಳು ಹೇಳಿರಬಹುದು ಎಂಬ ಯೋಚನೆ ಅವನ ತಲೆಯಲ್ಲಿ ಕುಳಿತುಬಿಟ್ಟಿತು.

ಬೀಗರು ಬಿಲ್ಲು ಮಾಡಿಸಿ ಹೋದ ಕೂಡಲೇ ಅವನು ಸುಜಾತಾಳನ್ನು ಅದೇ ಸ್ಟೋರ್ ರೂಮಿಗೆ ಕರೆದ. ಮೊಬೈಲು ಈಸಿಕೊಂಡ. ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟ.

"ಆಕಿ ನಿಮಗ ಏನ ಆಗಬೇಕರಿ?"

"ಇವತ್ತ ನೋಡಿದ್ದರಿ ಸರ ನಾನು."

"ಗುರ್ತ ಇಲ್ಲದಾಕಿ ಸಲುವಾಗಿ ಸುಳ್ಳು ಯಾಕ ಹೇಳಿದ್ರಿ? ಕ್ಯಾಮೆರಾ ಸುಳ್ಳ ಹೇಳೂದಿಲ್ಲ ಮ್ಯಾಡಮ್. ಮಾಲ ನೋಡಿದ್ನಿ, ಬಿಟ್ಟ ಕಳಿಸಿದ್ನಿ ಅಂತ ಬರದ ಕೊಡ್ರಿ. ಪೊಲೀಸರ ತನಕ ಹೋಗೂದು ಬ್ಯಾಡ."

ಊಟದ ಹೊತ್ತು ದಾಟಿತು. ಅವನು ಅದೇ ಪ್ರಶ್ನೆಯನ್ನು ಅದೇ ಮೆಲ್ಲನೆಯ ದನಿಯಲ್ಲಿ ತಿರುತಿರುಗಿ ಕೇಳಿದ. ಕಾಳವ್ವನ ಮಾತು ಹೇಳಿಬಿಟ್ಟರೆ ಸುಜಾತಾ ಈ ಕೋಣೆಯಿಂದ ಹೊರಗೆ ಹೋಗಬಹುದಿತ್ತು. ಆದರೆ ಹೇಳಿದರೆ ಇವನು ಅದನ್ನು ಮೇಲಿನವರಿಗೆ ಬರೆಯುತ್ತಾನೆ, ಕ್ಯಾಮೆರಾದ ಚಿತ್ರ ತೆಗೆದು ನಾಲ್ಕು ಜನರಿಗೆ ತೋರಿಸುತ್ತಾನೆ. ಚಹಾದ ಹೊತ್ತಿಗೆ ಮಾರ್ಟಿನವರ ಬಾಯಿಗೆಲ್ಲ ಬೀಳುತ್ತದೆ. ಕಾಗವಾಡದಿಂದ ಕೆಲಸಕ್ಕೆ ಬರುವವರು ಇಲ್ಲಿಯೇ ಇದ್ದಾರೆ. ಇದನ್ನೆಲ್ಲ ಯೋಚಿಸುತ್ತ ಆಕೆ ಪೆನ್ನು ಮುಟ್ಟದೆ ಕುಳಿತಳು.

ಕೊನೆಗೆ ಮ್ಯಾನೇಜರ್ ನಿಖಿಲ ಬಂದ. ಊರಿನವನೇ, ಸಣ್ಣ ವಯಸ್ಸು, ಯಾರನ್ನೂ ಎದುರು ಹಾಕಿಕೊಳ್ಳದವ. "ಸುಜಾತಕ್ಕಾ, ಏನಿದ್ರೂ ಹೇಳಿಬಿಡ್ರಿ. ನನ್ನ ಕೈಯಾಗ ಏನೂ ಉಳ್ಯೂದಿಲ್ಲ," ಎಂದ.

"ನನ್ನ ಝಡತಿ ಮಾಡಸ್ರಿ, ನನ್ನ ಮನಿ ತೆಗದ ನೋಡ್ರಿ," ಎಂದಳು ಸುಜಾತಾ. "ಆಕೀ ಮಾತ ಮಾತ್ರ ಕೇಳಬ್ಯಾಡ್ರಿ ಸರ. ಹೆಣ್ಮಕ್ಕಳ ಮಾತು, ನಾ ಹೇಳೂದಿಲ್ಲ."

ಸೀರೆಗಳನ್ನು ಎಣಿಸಿ ನೋಡಿದರು. ಒಂದೂ ಕಡಿಮೆ ಬರಲಿಲ್ಲ. "ರೇಟಿನ ಚೀಟಿ ಅದಲಿ ಬದಲಿ ಮಾಡಿ ಲೆಕ್ಕ ಹೊಂದಿಸಿರಬಹುದು," ಎಂದ ಅಮೋಲ. ಮೇಲಿನವರ ನಿರ್ಧಾರ ಬರುವ ತನಕ ಸುಜಾತಾಳನ್ನು ಗೋಡೌನಿಗೆ ಹಾಕಿದರು. ಅಲ್ಲಿ ರಟ್ಟಿನ ಡಬ್ಬ ಹರಿದು ಕಟ್ಟು ಕಟ್ಟುವುದು ಕೆಲಸ. ಜೊತೆಯಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ ಹೆಂಗಸರು ಆಕೆ ಬಂದರೆ ಮಾತು ನಿಲ್ಲಿಸತೊಡಗಿದರು.

ಮನೆಯಲ್ಲಿ ಭರತನಿಗೆ ಸುದ್ದಿ ಮುಟ್ಟಿತ್ತು. "ಕಳ್ಳತನದ ಮಾತು ಬಂದೈತಿ ಅಂತಲ್ಲ. ನನಗರ ಹೇಳ," ಎಂದ.

"ನಾ ಏನೂ ತಪ್ಪ ಮಾಡಿಲ್ಲ."

"ಅದ ನನಗ ಗೊತ್ತಿಲ್ಲೇನು? ಮಂದಿಗಿ ಏನ ಹೇಳಲಿ?"

ಅವನಿಗೂ ಆಕೆ ಹೇಳಲಿಲ್ಲ. ಭರತ ಮೋಸದವನಲ್ಲ, ಆದರೆ ಹೆಂಡತಿಗೆ ಯಾರಾದರೂ ಕಳ್ಳಿ ಎಂದರೆ ಅಲ್ಲೇ ಎಲ್ಲ ಹೇಳಿಬಿಡುವವ. ಮೊಬೈಲು ಬಡಿದುಕೊಂಡರೆ ಕಂಪನಿಯಿಂದಲೇ ಎಂದು ಆಕೆಯ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ಬೀದಿಯಲ್ಲಿ ಪೊಲೀಸರ ಗಾಡಿ ಹಾದುಹೋದರೂ ಅದು ತಿರುವು ದಾಟುವ ತನಕ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು.

ಕೆಲವು ದಿನಗಳ ಮೇಲೆ ಕಾಳವ್ವ ಒಬ್ಬಳೇ ಮಾರ್ಟಿಗೆ ಬಂದಳು. ಒಂದು ಸೀರೆಯ ಬಣ್ಣ ಬದಲಿಸಬೇಕಿತ್ತು. ಸೀರೆ ವಿಭಾಗದಲ್ಲಿ ಸುಜಾತಾ ಇರಲಿಲ್ಲ. ಕೇಳಿದರೆ, ಅಲ್ಲಿದ್ದ ಹುಡುಗಿ ದನಿ ಇಳಿಸಿ, "ಯಾವಾಕಿನೋ ಕಳ್ಳಿನ್ನ ಬಿಟ್ಟ ಕಳಿಸ್ಯಾರಂತ್ರಿ. ಗೋಡಾವ್ನಕ ಹಾಕ್ಯಾರ," ಎಂದಳು. ಕಾಳವ್ವ ಸೀರೆಯ ಚೀಲವನ್ನು ಅಲ್ಲೇ ಇಟ್ಟು, ಮ್ಯಾನೇಜರನ ಕೋಣೆ ಎಲ್ಲಿದೆ ಎಂದು ಕೇಳಿದಳು.

ನಿಖಿಲ ಹೇಳಿಕಳಿಸಿದಾಗ ಸುಜಾತಾ, ನೌಕರಿ ಹೋಯಿತು ಎಂದುಕೊಂಡೇ ಬಂದಳು. ಒಳಗೆ ಕಾಳವ್ವ ಕುರ್ಚಿಯ ಮೇಲೆ ಕುಳಿತಿದ್ದಳು. ಅಮೋಲ ಗೋಡೆಗೆ ನಿಂತಿದ್ದ.

"ಅಕ್ಕಾರ, ಬ್ಯಾಡ್ರಿ," ಎಂದಳು ಸುಜಾತಾ.

"ಇರಲಿ ತಂಗಿ," ಎಂದು ಕಾಳವ್ವ ನಿಖಿಲನ ಕಡೆ ತಿರುಗಿದಳು. "ಅವತ್ತ ಇಕಿ ಬಿಟ್ಟ ಕಳಿಸಿದಾಕಿ ನಾನ ಅದೀನ್ರಿ. ನನ್ನ ಎಡಗಡೆ ಮಲಿ ತಗದಾರ. ಆ ಜಾಗಕ್ಕ ಅರಿವಿ ಇಟಗೊಂಡ ತಿರಗತೀನಿ. ನೀವು ಉಬ್ಬು ಅಂದದ್ದು ಅದ."

ಅಮೋಲ ಕೇಳಿದ: "ದವಾಖಾನಿ ಕಾಗದ ಏನರ ಅದಾವೇನ್ರಿ?"

"ಅಮೋಲ, ಪುರೆ, ಸಾಕಿನ್ನ," ಎಂದ ನಿಖಿಲ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಸುಜಾತಾ ಕೇಳಿದ್ದು ಅದೇ ಮೊದಲು.

ಅಮೋಲ ನೆಲ ನೋಡಿದ. "ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದ. ಅದರಲ್ಲಿ ಸೊಕ್ಕಿರಲಿಲ್ಲ, ನಿಜವಾಗಿಯೂ ಕೇಳಿದಂತಿತ್ತು.

"ಗೊತ್ತಾಗೂದ ಬ್ಯಾಡಿತ್ತಪಾ," ಎಂದಳು ಕಾಳವ್ವ. "ಇಕಿ ನೋಡಿ ಬಂದ ಇಲ್ಲ ಅಂದ್ಲಲ್ಲ, ಅಷ್ಟಕ್ಕ ನಂಬಬೇಕಿತ್ತು."

ಸುಜಾತಾ ಆಕೆಯನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಲು ಹೋದಳು. "ಯಾಕ ಹೇಳಿದ್ರಿ ಅಕ್ಕಾರ? ಮದಿವಿ ಇನ್ನ ಆಗಬೇಕು," ಎಂದಳು.

"ನಿನ್ನ ಗೋಡಾವ್ನದಾಗ ಕುಂಡ್ರಿಸಿ ನಾ ಹ್ಯಾಂಗ ಮಗಳ ಮ್ಯಾಲ ಅಕ್ಕಿಕಾಳ ಹಾಕಲಿ?" ಎಂದು ಕಾಳವ್ವ ತೆಲಸಂಗದ ಬಸ್ಸು ಹತ್ತಿದಳು.

ಮರುದಿನ ಸುಜಾತಾ ಸೀರೆ ವಿಭಾಗಕ್ಕೆ ವಾಪಸು ಬಂದಳು. ನಿಖಿಲ ಎಲ್ಲರೆದುರು, ಸುಜಾತಕ್ಕನದು ಏನೂ ತಪ್ಪಿಲ್ಲ ಎಂದು ಹೇಳಿದ. ಆದರೂ ಆಕೆಯ ಜೀವಕ್ಕೆ ನೆಮ್ಮದಿಯಿರಲಿಲ್ಲ. ಈಗ ಆ ಮಾತು ಇಬ್ಬರು ಗಂಡಸರಿಗೆ ಗೊತ್ತು. ಅಮೋಲ ಯಾರ ಜೊತೆ ನಗುತ್ತ ಮಾತಾಡಿದರೂ, ಇದನ್ನೇ ಹೇಳುತ್ತಿರಬಹುದೇ ಎಂದು ಆಕೆಯ ಕಿವಿ ಅತ್ತ ಹೋಗುತ್ತಿತ್ತು.

ಮದುವೆಗೆ ಇನ್ನೇನು ಹತ್ತಿರವಿದ್ದಾಗ ಕಾಗವಾಡದ ಬೀಗತಿ ಮತ್ತೆ ಬಂದಳು. ಬಾಗಿಲಲ್ಲಿ ಅಮೋಲ ನಿಂತಿದ್ದ. ಆಕೆ ಅವನ ಗುರುತು ಹಿಡಿದು ನಿಂತುಬಿಟ್ಟಳು. ಸುಜಾತಾ ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ಕೇಳಿಸಿಕೊಂಡಳು.

"ಅವತ್ತ ನಮ್ಮ ಬೀಗತೀನ್ನ ಒಳಗ ಕರದಿದ್ರಲ್ಲ, ಏನರ ಆಗಿತ್ತೇನ್ರಿ?"

ಅಮೋಲ ಕಣ್ಣೆತ್ತಿ ಸುಜಾತಾಳ ಕಡೆ ನೋಡಿದ. ಒಂದು ವರ್ಷದ ಹಿಂದೆ ಯಾವ ಗಿರಾಕಿ ಯಾವ ಬಾಗಿಲಿಂದ ಹೋದ ಎಂದು ಹೇಳಬಲ್ಲವ ಅವನು.

"ಇಲ್ಲಿ ದಿನಾ ನೂರಾರ ಮಂದಿ ಬರತಾರ್ರಿ," ಎಂದ. "ನನಗ ನೆನಪಿಲ್ಲ." ಆಮೇಲೆ ಎಂದಿನಂತೆ ಆಕೆಯ ಚೀಲಕ್ಕೆ ಕೈಚಾಚಿದ.

ಮನೀಷಾಳ ಮದುವೆ ಆಯಿತು. ಮದುವೆ ಹಂಗಾಮಿನಲ್ಲಿ ರಜೆ ಸಿಗದೆ ಸುಜಾತಾಳಿಗೆ ಹೋಗಲಾಗಲಿಲ್ಲ. ಬೀಗರಿಗೆ ಮುಂದೆ ಎಂದಾದರೂ ತಿಳಿಯಿತೋ ಇಲ್ಲವೋ ಆಕೆಗೆ ಗೊತ್ತಿಲ್ಲ. ಕಾಗವಾಡದವರು ಯಾರೇ ಬಂದರೂ ಅವರ ಮಾತಿಗೆ ಸ್ವಲ್ಪ ಕಿವಿಗೊಡುತ್ತಾಳೆ.

ಇನ್ನು ಮುಂದೆ ಯಾರ ಝಡತಿಯನ್ನೂ ಮಾಡುವುದಿಲ್ಲ ಎಂದು ಆಕೆ ನಿಖಿಲನಿಗೆ ಖಂಡಿತವಾಗಿ ಹೇಳಿದಳು. ನಿಖಿಲ ಹೆಣ್ಣು ಗಾರ್ಡ್ ಬೇಕೆಂದು ಮೇಲಿನವರಿಗೆ ಬರೆದ, ಯಾರೂ ಬರಲಿಲ್ಲ. ಆ ಕೆಲಸ ಈಗ ಕಿರಾಣಿ ವಿಭಾಗದ ಕುಸುಮಳ ಪಾಲಿಗೆ ಬಂದಿದೆ. ಕುಸುಮ ಹೊಸಬಳು, ಹೆದರಿಕೊಂಡು, ಹೇಗೆ ಮಾಡುವುದೆಂದು ಸುಜಾತಾಳನ್ನೇ ಕೇಳಿದಳು.

"ಮೊದಲ ಬಾಗಲಾ ಹಾಕ," ಎಂದಳು ಸುಜಾತಾ. "ಕೂಡ್ರಾಕ ಹೇಳ, ನೀರ ಕೊಡ. ಮೈಗಿ ಕೈ ಹಚ್ಚಬ್ಯಾಡ, ಅವರ ತಾವಾಗಿ ಹೇಳೂತನಾ ಕಾಯಿ. ಹೊರಗ ಬಂದ ಮ್ಯಾಲ, ಇದ್ರ ಐತಿ ಅನ್ನು, ಇಲ್ಲಂದ್ರ ಇಲ್ಲ ಅನ್ನು. ಮತ್ತೊಂದ ಮಾತ ಹೇಳಬ್ಯಾಡ."

"ಅಮೋಲ ಸರ್ ಬಿಡೂದಿಲ್ಲಲ್ಲರಿ ಅಕ್ಕಾ."

"ಬಿಡೂದಿಲ್ಲ," ಎಂದಳು ಸುಜಾತಾ.

ಅದೇ ವಾರ ಕುಸುಮಳಿಗೆ ಮೊದಲ ಕರೆ ಬಂತು. ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳನ್ನು ಕರೆದುಕೊಂಡು ಅವಳು ಸ್ಟೋರ್ ರೂಮಿನೊಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಸುಜಾತಾ ಗಿರಾಕಿಗೆ ಸೀರೆ ತೋರಿಸುತ್ತಿದ್ದಳು, ಆದರೆ ಕಣ್ಣು ಆ ಬಾಗಿಲ ಮೇಲಿತ್ತು, ಯಾವ ಬಣ್ಣ ಕೇಳಿದರೆಂಬುದೇ ಆಕೆಗೆ ತಿಳಿಯಲಿಲ್ಲ. "ಅಕ್ಕಾರ, ಹಸರ ತೋರಸ್ರಿ ಅಂದ್ನಿ," ಎಂದು ಗಿರಾಕಿ ಮತ್ತೊಮ್ಮೆ ಹೇಳಿದಳು.