ದೇವರ ಹುಂಜ, ನನ್ನ ಕೋಳಿಗಳು

ಐವತ್ತರ ದಶಕದ ಒಂದು ಬೇಸಿಗೆ. ನಾವಿದ್ದದ್ದು ಪೆದ್ದಕಡುಬೂರಿನ ಹತ್ತಿರದ ಹಳ್ಳಿಯಲ್ಲಿ. ನನ್ನ ಮಗಳು, ಇನ್ನೂ ಚಿಕ್ಕವಳು, ವಿಷಮಜ್ವರದಿಂದ ಉಳಿದುಕೊಂಡಿದ್ದಳು. ಆದರೆ ಕಾಲೂರಿ ನಿಲ್ಲುವ ಶಕ್ತಿ ಇರಲಿಲ್ಲ. ದಿನಕ್ಕೊಂದು ತತ್ತಿ ತಿನ್ನಿಸಿ ಎಂದು ಆದೋನಿಯ ಡಾಕ್ಟರು ಹೇಳಿದ್ದರು. ಆ ಬಿಸಿಲಿಗೆ ಕೋಳಿಗಳು ದಿನಾ ತತ್ತಿ ಇಡುತ್ತಿರಲಿಲ್ಲ. ಇಟ್ಟಾಗ ಕೂಡಿಡೋಣವೆಂದು ನೀರಿನ ಗಡಿಗೆಯ ಪಕ್ಕ ತಂಪು ಉಸುಕಿನಲ್ಲಿ ಹೂತಿಡುತ್ತಿದ್ದೆ. ನಾಲ್ಕಾರು ದಿನ ಬಿಟ್ಟು ಒಡೆದರೆ ಒಳಗೆ ರಕ್ತದ ಗೆರೆ. ಅದನ್ನು ತಿಪ್ಪೆಗೆ ಎಸೆಯುವಾಗ ಮೈಯೆಲ್ಲ ಉರಿಯುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಹುಂಜ ಸೇರದ ಕೋಳಿಯ ತತ್ತಿಯಲ್ಲಿ ಮರಿ ಕಟ್ಟುವುದಿಲ್ಲ, ಸೆಕೆಯಲ್ಲೂ ತಡೆಯುತ್ತದೆ ಎಂದು ತವರಿನಲ್ಲಿ ಅವ್ವ ಹೇಳುತ್ತಿದ್ದಳು. ನಮ್ಮ ಮನೆಯ ಹುಂಜವೋ ಊರಮ್ಮನಿಗೆ ಹರಕೆ ಬಿಟ್ಟದ್ದು. ಅದನ್ನು ಕಟ್ಟಬಾರದು, ಬುಟ್ಟಿಯಡಿ ಮುಚ್ಚಬಾರದು, ಬೈಯಲೂಬಾರದು. ಕಂಡವರ ಜೋಳ ತಿಂದು ಊರಗೌಡನ ಹಾಗೆ ತಿರುಗುತ್ತಿತ್ತು.

ಅದನ್ನು ಮುಚ್ಚಿಡುತ್ತೇನೆ ಎಂದಾಗ ಅತ್ತೆ ಹೌಹಾರಿದರು. "ದ್ಯಾವ್ರ ಹುಂಜಕ್ಕ ಕೈ ಹಚ್ಚಬ್ಯಾಡ. ಕೂಸಿಗೆ ಮತ್ತೇನಾರ ಆದ್ರ ಯಾರು ಹೊಣಿ?"

ಆ ಮಾತಿಗೆ ನಾನೂ ಹೆದರಿದೆ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಹುಂಜ ತಿರುಗ್ಲಿ ಬಿಡ್ರಿ ಅತ್ತಿ. ಕೋಳಿ ನನ್ನವು, ತವರಿಂದ ತಂದವು. ಅವನ್ನ ಕೂಡಿ ಹಾಕ್ತೀನಿ. ಅವಕ್ಕೇನು ಹರಕಿ ಇಲ್ಲಲ್ರಿ."

ಅಂದೇ ಕಟ್ಟಿಗೆ ಕೋಣೆ ಖಾಲಿ ಮಾಡಿ, ಕೋಳಿಗಳನ್ನು ಒಳಗೆ ಬಿಟ್ಟು ಅಗುಳಿ ಹಾಕಿದೆ. ಮೊದಮೊದಲು ಇಟ್ಟ ತತ್ತಿಗಳಲ್ಲೂ ಅದೇ ಗೆರೆ. ಅತ್ತೆ ಓಣಿಯ ಹೆಂಗಸರನ್ನು ಕರೆದು ತೋರಿಸಿದರು. "ನೋಡ್ರಿ, ಅಮ್ಮ ಒಲ್ಲೆ ಅಂತಾಳ." ನಕ್ಕವರು ನಕ್ಕರು. ಹುಂಜ ಸೇರಿದ್ದರ ಗುಣ ಕೋಳಿಯ ಮೈಯಲ್ಲಿ ಎರಡು ಮೂರು ವಾರ ಉಳಿಯುತ್ತದೆ ಎಂದೂ ಅವ್ವ ಹೇಳಿದ್ದಳು. ಜಪ್ಪಯ್ಯ ಎಂದರೂ ನಾನು ಅಗುಳಿ ತೆಗೆಯಲಿಲ್ಲ. ಹುಂಜ ದಿನವೂ ಆ ಬಾಗಿಲ ಮುಂದೆ ನಿಂತು ಕೂಗುತ್ತಿತ್ತು. ಕೂಗಲಿ ಎಂದುಕೊಂಡೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಉಸುಕಿನಿಂದ ವಾರದ ಹಿಂದೆ ಇಟ್ಟ ತತ್ತಿಯೊಂದನ್ನು ತೆಗೆದು ಒಡೆದೆ. ಗೆರೆ ಇರಲಿಲ್ಲ, ನಾತ ಇರಲಿಲ್ಲ. ಅತ್ತೆಯ ಕಣ್ಣೆದುರೇ ಹೆಂಚಿನ ಮೇಲೆ ಹೊಯ್ದು ಮಗಳಿಗೆ ತಿನ್ನಿಸಿದೆ. ಅಲ್ಲಿಂದ ಮುಂದೆ ಒಂದು ದಿನವೂ ಅವಳಿಗೆ ತತ್ತಿ ತಪ್ಪಲಿಲ್ಲ.

ಮಳೆ ಬೀಳುವ ಹೊತ್ತಿಗೆ ಅವಳು ಗೋಡೆ ಹಿಡಿದು ಅಂಗಳದವರೆಗೆ ನಡೆದು ಬಂದಳು. ಅತ್ತೆ ಕಣ್ಣೀರು ಒರೆಸಿಕೊಂಡು ಕೈಮುಗಿದರು.

"ಅಮ್ಮ ಕಣ್ಣು ಬಿಟ್ಟು ನೋಡಿದ್ಳು. ಇನ್ನಾರ ಆ ಬಾಗ್ಲಾ ತಗಿ."

ಅಮ್ಮನೇ ನೋಡಿದಳು ಎಂದೇ ಇರಲಿ, ನನಗೇನೂ ಜಗಳವಿಲ್ಲ. ನಾನೂ ಕೈಮುಗಿದೆ. ಬಾಗಿಲು ಮಾತ್ರ ತೆಗೆಯಲಿಲ್ಲ.